ಹಳೆಯ ಅಪಾಯಸೂಚಕ ಬೀಕನ್‌ಗಳ ಸುರಕ್ಷಿತ ವಿಲೇವಾರಿ

ವಿಳಿಂಜಂನಿಂದ ಕೊಚ್ಚಿಗೆ ಹೊರಟಿದ್ದ ‘ಎಂಎಸ್‌ಸಿ ಎಲ್ಸಾ 3’ ಎಂಬ ಸರಕು ಹಡಗು 2025ರ ಮೇ 24ರಂದು ಅರಬ್ಬೀ ಸಮುದ್ರದಲ್ಲಿ ವಾಲತೊಡಗಿ ಮರುದಿನ ಮುಳುಗಿತು. ಅದರಲ್ಲಿದ್ದ 24 ಮಂದಿಯ ಪೈಕಿ 21 ಮಂದಿಯನ್ನು ಕರಾವಳಿ ರಕ್ಷಣಾ ಪಡೆಯೂ ಮೂವರನ್ನು ನೌಕಾಪಡೆಯೂ ಪಾರುಮಾಡಿದವು. ಇಂತಹ ಕಾರ್ಯಕ್ಕೆ ಹಡಗುಗಳೂ ವಿಮಾನಗಳೂ ಬೇಕು. ಅದೇ ಗಳಿಗೆಯಲ್ಲಿ ದಡದ ಗುಜರಿ ರಾಶಿಯೊಂದರಿಂದ ಹುಸಿ ಮೊರೆ ಎದ್ದರೆ, ಅದರ ನಿಜಾನಿಜವನ್ನು ಅರಿಯಲು ಇದೇ ಸಿಬ್ಬಂದಿಯೇ ಶ್ರಮಿಸಬೇಕಾಗುತ್ತದೆ.

2011ರಲ್ಲಿ ಉದ್ಘಾಟನೆಗೊಂಡ ವಲ್ಲಾರ್ಪಾಡಂ ಕಂಟೇನರ್ ಟರ್ಮಿನಲ್‌ಗೆ ಬರುವಂತಹ ಹಡಗುಗಳ ಮೇಲ್ಭಾಗದಲ್ಲಿ ಹಳದಿ ಅಥವಾ ಕಿತ್ತಳೆ ಬಣ್ಣದ ಒಂದು ಪುಟ್ಟ ಸಾಧನವಿರುತ್ತದೆ. ಇದೇ ಅಪಾಯಸೂಚಕ ಬೀಕನ್. ಹಡಗು ಮುಳುಗಿದಾಗ ಇದು ತಾನಾಗಿಯೇ ಬಿಡಿಸಿಕೊಂಡು ತೇಲಿ, 406 ಮೆಗಾಹರ್ಟ್ಸ್ ತರಂಗದಲ್ಲಿ ಸುಮಾರು 50 ಸೆಕೆಂಡುಗಳಿಗೊಮ್ಮೆ ಸಂಕೇತ ಕಳುಹಿಸುತ್ತದೆ. ಉಪಗ್ರಹಗಳು ಗ್ರಹಿಸಿದ ಈ ಸಂಕೇತ ಬೆಂಗಳೂರಿನಲ್ಲಿರುವ ಇಸ್ರೋ ಸಂಸ್ಥೆಯ ನಿಯಂತ್ರಣ ಕೇಂದ್ರದ ಮೂಲಕ ಕರಾವಳಿ ರಕ್ಷಣಾ ಪಡೆಗೆ ತಲುಪುತ್ತದೆ.

ಬ್ಯಾಟರಿಯ ಅವಧಿ ಮುಗಿದೊಡನೆ ಬೀಕನ್ ಸತ್ತಿತೆಂದು ಭಾವಿಸುವುದು ಸರಿಯಲ್ಲ. ಕನಿಷ್ಠ 48 ಗಂಟೆ ಕೆಲಸ ಮಾಡುವ ಭರವಸೆ ಎಲ್ಲಿಯವರೆಗೆ ಉಂಟೆಂಬುದನ್ನಷ್ಟೇ ಆ ದಿನಾಂಕ ಸೂಚಿಸುತ್ತದೆ. ಆ ಬಳಿಕವೂ ಅದರಲ್ಲಿ ಸಾಕಷ್ಟು ಶಕ್ತಿ ಉಳಿದಿರಬಹುದು. ಅನೇಕ ಮಾದರಿಗಳಲ್ಲಿ ಬೀಕನ್ ಚಾಲನೆಗೊಳ್ಳಲು ಎರಡೇ ಸಂಗತಿಗಳು ಸಾಕು: ಅದು ತನ್ನ ಚೌಕಟ್ಟಿನಿಂದ ಹೊರಗಿರಬೇಕು, ಮತ್ತು ಒದ್ದೆಯಾಗಬೇಕು. ಚೌಕಟ್ಟಿನಿಂದ ಕಿತ್ತು ಅಂಗಳದ ಮೂಲೆಗೆ ಎಸೆದ ಬೀಕನ್‌ಗೆ ಜೂನ್ ತಿಂಗಳ ಮಲೆಯಾಳ ಮಳೆಯೇ ಸಮುದ್ರವಾದೀತು!

ಬ್ಯಾಟರಿಯದು ಇನ್ನೊಂದು ಅಪಾಯ. ಇವುಗಳಲ್ಲಿರುವುದು ಸಾಮಾನ್ಯವಾಗಿ ಲಿಥಿಯಂ. ಜಜ್ಜಿದರೆ, ಸುಟ್ಟರೆ, ತುದಿಗಳಿಗೆ ಲೋಹ ತಗುಲಿದರೆ ಬೆಂಕಿ ಹೊತ್ತಬಹುದು, ಸಿಡಿಯಲೂಬಹುದು. ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿಗೆ 2023ರ ಮಾರ್ಚ್ 2ರಂದು ಬೆಂಕಿ ಬಿದ್ದಾಗ ನಗರವು ಹತ್ತಕ್ಕೂ ಹೆಚ್ಚು ದಿನ ಹೊಗೆಯಲ್ಲಿ ಮುಳುಗಿತ್ತು. ಅಂತಹ ರಾಶಿಗೆ ಲಿಥಿಯಂ ಸೇರುವುದು ಯಾರಿಗೂ ಹಿತವಲ್ಲ. 2001ರ ನಿಯಮಗಳು ಸೀಸ-ಆಮ್ಲ ಬ್ಯಾಟರಿಗಳಿಗೆ ಮಾತ್ರ ಅನ್ವಯಿಸುತ್ತಿದ್ದವು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಾದರೋ ಲಿಥಿಯಂ ಬ್ಯಾಟರಿಗಳನ್ನೂ ಒಳಗೊಂಡಿವೆ. ಇವುಗಳನ್ನು ಇತರ ಕಸದೊಡನೆ ಬೆರೆಸದೆ ಪ್ರತ್ಯೇಕವಾಗಿ ಒಪ್ಪಿಸುವುದು ಬಳಕೆದಾರನ ಹೊಣೆ; ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವುದು ತಯಾರಕರ ಹೊಣೆ.

ಆದುದರಿಂದ ಹಳೆಯ ಬೀಕನ್ನನ್ನು ತಯಾರಕರ ಅಧಿಕೃತ ಸೇವಾ ಪ್ರತಿನಿಧಿಗೆ ಒಯ್ದು, ಬ್ಯಾಟರಿಯನ್ನು ಅವರಿಂದಲೇ ಬೇರ್ಪಡಿಸಿಕೊಳ್ಳತಕ್ಕದ್ದು. ಅಲ್ಲಿಯವರೆಗೆ ಅದನ್ನು ಚೌಕಟ್ಟಿನಲ್ಲಿಯೇ, ಒಣ ಜಾಗದಲ್ಲಿ ಇರಿಸಬೇಕು. ಬೇರ್ಪಡಿಸಿದ ಬ್ಯಾಟರಿಯ ತುದಿಗಳಿಗೆ ಅಂಟುಪಟ್ಟಿ ಸುತ್ತುವುದು ಅಗತ್ಯ. ಮಲ್ಪೆ, ಮಂಗಳೂರುಗಳ ಮೀನುಗಾರಿಕಾ ದೋಣಿಗಳಲ್ಲಿರುವ ಸಂಕಟಸೂಚಕ ಯಂತ್ರಗಳಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ.

ಅನೇಕರು ಮರೆಯುವ ಕೆಲಸವೊಂದುಂಟು. ಪ್ರತಿ ಬೀಕನ್‌ಗೂ ತನ್ನದೇ ಗುರುತಿನ ಸಂಖ್ಯೆಯಿದ್ದು, ಅದರೊಡನೆ ಮಾಲೀಕನ ವಿವರಗಳು ನೋಂದಣಿಯಾಗಿರುತ್ತವೆ. ಹಡಗು ಮಾರಾಟವಾದಾಗ ಅಥವಾ ಬೀಕನ್ ಕಳಚಿದಾಗ ಆ ನೋಂದಣಿಯನ್ನು ಬದಲಿಸದಿದ್ದರೆ, ನಡುರಾತ್ರಿ ದೂರವಾಣಿ ಮೊಳಗುವುದು ಹಳೆಯ ಮಾಲೀಕನ ಮನೆಯಲ್ಲಿ. ಆಗ ಹೊಸ ಮಾಲೀಕನು ನಿಜವಾಗಿಯೂ ನೀರಿನಲ್ಲಿರಬಹುದು.

ಬೀಕನ್ ಅಕಸ್ಮಾತ್ತಾಗಿ ಚಾಲನೆಗೊಂಡರೆ ಕೂಡಲೇ ಅದನ್ನು ಆರಿಸಿ, ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆಗೆ ಕರೆಮಾಡಿ ತಿಳಿಸಬೇಕು. ಕೇವಲ ಆರಿಸಿ ಸುಮ್ಮನಿದ್ದರೆ, ಮೊರೆ ನಿಂತದ್ದು ಹಡಗು ಮುಳುಗಿದ ಕಾರಣಕ್ಕೆಂದು ಅಲ್ಲಿನವರು ತಿಳಿಯಬಹುದು.