ಸಿಟ್ಟಿಗೊಂದು ಕೆಲಸ

ಇಪ್ಪತ್ತೈದರ ಹರೆಯದಲ್ಲಿ ವಚನ ಸಾಹಿತ್ಯವನ್ನು ಕುರಿತು ನಾನೊಂದು ದೀರ್ಘ ಪ್ರಬಂಧ ಬರೆದಿದ್ದೆ. ಸಂಪಾದಕರೊಬ್ಬರು ಅದನ್ನು ಹಿಂದಿರುಗಿಸಿದರು. "ವಿಷಯ ಒಳ್ಳೆಯದು, ಅಧ್ಯಯನ ಸಾಲದು" ಎಂಬುದಷ್ಟೇ ಅವರ ಒಕ್ಕಣೆ. ಆ ರಾತ್ರಿ ನಿದ್ರೆ ಹತ್ತಲಿಲ್ಲ. ಎದ್ದು ದೀಪ ಹಚ್ಚಿ ನಾಲ್ಕು ಪುಟಗಳ ಉತ್ತರ ಬರೆದೆ. ಅಷ್ಟು ಹರಿತವಾದ ಗದ್ಯವನ್ನು ಹಿಂದೆಂದೂ ಬರೆದಿರಲಿಲ್ಲವೆಂದು ಹೆಮ್ಮೆಯೂ ಆಯಿತು.

ಬೆಳಿಗ್ಗೆ ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ತಂದೆಯವರು ಕೇಳಿದರು: "ಇದರಲ್ಲಿ ವಚನಗಳ ವಿಷಯ ಎಷ್ಟಿದೆಯಪ್ಪಾ, ನಿನ್ನ ವಿಷಯ ಎಷ್ಟಿದೆ?" ಮತ್ತೊಮ್ಮೆ ಓದಿದೆ. ನಾಲ್ಕು ಪುಟಗಳಲ್ಲಿಯೂ ಇದ್ದವನು ನಾನೊಬ್ಬನೇ.

ಪತ್ರ ಮೇಜಿನ ಖಾನೆ ಸೇರಿತು, ಸಿಟ್ಟು ಸೇರಲಿಲ್ಲ. ಸಂಪಾದಕರ ಮಾತು ಸುಳ್ಳೆಂದು ತೋರಿಸಬೇಕೆಂಬ ಹಟದಿಂದಲೇ ಗ್ರಂಥಾಲಯಕ್ಕೆ ನಡೆದೆ. ಅಲ್ಲಿ ನನಗೆ ಎದುರಾದದ್ದು ಫ. ಗು. ಹಳಕಟ್ಟಿಯವರ ಬದುಕು.

ಧಾರವಾಡದಲ್ಲಿ 1880ರಲ್ಲಿ ಹುಟ್ಟಿದ ಹಳಕಟ್ಟಿಯವರು ಬಿಜಾಪುರದಲ್ಲಿ ವಕೀಲರಾಗಿದ್ದರು. ಮನೆಮನೆಗಳಲ್ಲಿ ಧೂಳು ಹಿಡಿದಿದ್ದ ತಾಳೆಗರಿಗಳನ್ನು ಹುಡುಕಿ, ವಚನಗಳನ್ನು ಕೂಡಿಸಿ, ಹಸ್ತಪ್ರತಿ ಸಿದ್ಧಪಡಿಸಿ ಹೆಸರಾಂತ ಮುದ್ರಣಾಲಯವೊಂದಕ್ಕೆ ಕಳುಹಿಸಿದರು. ಅದು ಹಿಂದಿರುಗಿ ಬಂತು. ವರ್ಷಗಳ ದುಡಿಮೆ ಹೀಗೆ ಮರಳಿದರೆ ಯಾರ ಮನಸ್ಸು ತಾನೆ ನೋಯದು? ಅವರಾದರೋ ಬೇರೆ ದಾರಿ ಹುಡುಕಿದರು. ಬೆಳಗಾವಿಯಲ್ಲಿ ಮುದ್ರಣವಾಗಿ 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಹೊರಬಂತು. ಮುಂದೆ ಯಾರ ಬಾಗಿಲನ್ನೂ ಕಾಯಬಾರದೆಂದು 1925ರಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯ ತೆರೆದರು; ಮರುವರ್ಷ 'ಶಿವಾನುಭವ' ಪತ್ರಿಕೆ ಆರಂಭಿಸಿದರು. 1964ರಲ್ಲಿ ಅವರು ತೀರಿಕೊಂಡಾಗ ನಾಡಿಗೆ ಒಂದು ಸಾಹಿತ್ಯರಾಶಿಯೇ ದೊರೆತಿತ್ತು.

ಅರಿಷಡ್ವರ್ಗಗಳಲ್ಲಿ ಕ್ರೋಧಕ್ಕೆ ಎರಡನೆಯ ಸ್ಥಾನ. ಹಾಗೆಂದು ಅದನ್ನು ನುಂಗಿಬಿಡಿ ಎಂದು ನಾನು ಹೇಳಲಾರೆ. ನುಂಗಿದ ಸಿಟ್ಟು ಒಳಗೇ ಹುಳಿಯುತ್ತದೆ. ನಡುರಾತ್ರಿಯಲ್ಲಿ ನಮ್ಮನ್ನು ಎಬ್ಬಿಸಿ ಕೂರಿಸುವ ಶಕ್ತಿ ಅದಕ್ಕಿದೆ. ಆ ಶಕ್ತಿ ಯಾವುದರ ಸಲುವಾಗಿ ಎದ್ದಿದೆ ಎಂದು ಕೇಳಿಕೊಳ್ಳಬೇಕು, ಅಷ್ಟೆ. ನನ್ನ ಹೆಸರಿನ ಸಲುವಾಗಿ ಎದ್ದ ಸಿಟ್ಟು ನಾಲ್ಕು ಪುಟಗಳಲ್ಲಿ ಬರಿದಾಯಿತು. ಹಳಕಟ್ಟಿಯವರ ನೋವು ಕೈಗೆತ್ತಿಕೊಂಡ ಕೆಲಸದ ಸಲುವಾಗಿ ಇತ್ತು. ಅದು ಒಂದು ಆಯುಷ್ಯಕ್ಕೆ ಸಾಕಾಯಿತು.

ಎಂಟು ತಿಂಗಳು ಓದಿದ ಮೇಲೆ ನನ್ನ ಪ್ರಬಂಧವನ್ನು ಹೊರತೆಗೆದೆ. ಸಂಪಾದಕರ ಮಾತು ಅಕ್ಷರಶಃ ನಿಜವಾಗಿತ್ತು. ಮೊದಲಿನಿಂದ ಬರೆದೆ; ಹಳೆಯದರಲ್ಲಿ ಉಳಿದದ್ದು ಎರಡು ಪುಟ. ಅವರಿಗೇ ಕಳುಹಿಸಿದೆ, ಅಚ್ಚಾಯಿತು. ಆದರೆ ಆ ಹೊತ್ತಿಗೆ ಅವರಿಗೆ ಏನನ್ನೋ ತೋರಿಸಿಕೊಡಬೇಕೆಂದಿದ್ದೆ ಎಂಬುದೇ ನನಗೆ ಮರೆತುಹೋಗಿತ್ತು.

ಅಂದಿನ ಉತ್ತರ ಇಂದಿಗೂ ಖಾನೆಯಲ್ಲಿದೆ. ಆಗಾಗ ತೆಗೆದು ಓದುತ್ತೇನೆ. ಗದ್ಯವೇನೋ ಹರಿತವಾಗಿಯೇ ಇದೆ. ಕೊಯ್ಯುವುದಕ್ಕೆ ಮಾತ್ರ ಅಲ್ಲಿ ಪೈರಿಲ್ಲ.