ಬಾವಿಯ ಬಳಿ ಬಾಯಾರಿದವನು



ಭಾನುವಾರ ಪೂಜೆ ಮುಗಿಸಿ ಬಂದವರನ್ನು ಮಧ್ಯಾಹ್ನ ಊಟದ ಹೊತ್ತಿಗೆ, "ಇವತ್ತು ಯಾವ ವಾಚನ ಓದಿದರು?" ಎಂದು ಕೇಳಿ ನೋಡಿ. ನಮ್ಮಲ್ಲಿ ಬಹಳ ಜನ ತಲೆ ಕೆರೆದುಕೊಳ್ಳುತ್ತೇವೆ. ವಾಚನ ಕೇಳುವುದು ತಮಿಳಿನಲ್ಲಿ; ಮನೆಯಲ್ಲಿ ಜಗಳವಾಡುವುದು, ಅಳುವುದು, ಮಗುವನ್ನು ಮುದ್ದಾಡುವುದು ಕನ್ನಡದಲ್ಲಿ. ಕಿವಿಗೆ ಬಿದ್ದ ಮಾತು ಅಡುಗೆಮನೆ ಸೇರುವಷ್ಟರಲ್ಲಿ ದಾರಿಯಲ್ಲೇ ಉದುರಿಹೋಗಿರುತ್ತದೆ. ಇಂದು ಒಂದೇ ಒಂದು ವಾಚನವನ್ನು ನಮ್ಮ ಬೀದಿಯ ನಲ್ಲಿಯವರೆಗೆ ಹೊತ್ತು ತರೋಣ. ಬೇರೆ ಮತದ ಕೇಳುಗರೂ ಜೊತೆಗಿರಿ. ನೀರಿನ ಮಾತು ಎಲ್ಲರದೂ ಹೌದು.

ತಪಸ್ಸುಕಾಲದ ಮೂರನೆಯ ಭಾನುವಾರ, ಮೂರು ವರ್ಷಕ್ಕೊಮ್ಮೆ ಬರುವ ಸರದಿಯಲ್ಲಿ, ಸಂತ ಯೊವಾನ್ನರ ಶುಭಸಂದೇಶದ ನಾಲ್ಕನೆಯ ಅಧ್ಯಾಯವನ್ನು ಓದುತ್ತಾರೆ. 2023ರಲ್ಲಿ ಅದನ್ನು ಓದಿದರು. 2026ರ ಸರದಿಯೂ ಅದೇ. ಕಥೆ ನಿಮಗೆ ಗೊತ್ತು. ನಡುಮಧ್ಯಾಹ್ನ. ನಡೆದು ದಣಿದ ಯೇಸುಸ್ವಾಮಿ ಸಮಾರಿಯದ ಸುಖಾರ್ ಎಂಬ ಊರಿನ ಬಾವಿಯ ಬಳಿ ಕುಳಿತಿದ್ದಾರೆ. ಶಿಷ್ಯರು ಊಟ ತರಲು ಊರೊಳಗೆ ಹೋಗಿದ್ದಾರೆ. ಬಾವಿ ಆಳ, ಕೈಯಲ್ಲಿ ಹಗ್ಗವಿಲ್ಲ, ಕೊಡವಿಲ್ಲ. ಆಗ ಒಬ್ಬ ಹೆಂಗಸು ನೀರಿಗೆ ಬರುತ್ತಾಳೆ. ಆಕೆ ಸಮಾರಿಯದವಳು, ಇವರು ಯೆಹೂದ್ಯರು. ಆ ಎರಡು ಜನಕ್ಕೂ ಕೊಡುಕೊಳ್ಳುವ ವ್ಯವಹಾರವೇ ಇರಲಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಸ್ವಾಮಿ ಮೊದಲು ಉಪದೇಶ ಮಾಡಲಿಲ್ಲ. ಕುಡಿಯಲು ನೀರು ಕೇಳಿದರು. ಕೊಡುವವನ ಕೈ ಮೇಲೆ, ಕೇಳುವವನ ಕೈ ಕೆಳಗೆ. ಬೇರೆಯವರೆಂದು ಜನ ದೂರವಿಟ್ಟವಳ ಮುಂದೆ ಅವರು ಕೈ ಕೆಳಗೆ ಹಿಡಿದರು. ಮಾತು ಶುರುವಾದದ್ದು ಅಲ್ಲಿಂದ.

ಗಡಿಯಲ್ಲಿರುವ ನಮಗೆ ಇದು ದೂರದ ಕಥೆಯೇ? 1965ರಲ್ಲಿ ಸೇಲಂನಿಂದ ಧರ್ಮಪುರಿ ಜಿಲ್ಲೆ ಬೇರೆಯಾಯಿತು. 2004ರಲ್ಲಿ ಧರ್ಮಪುರಿಯಿಂದ ಹೊಸೂರು, ದೆಂಕಣಿಕೋಟೆ ಸೇರಿದಂತೆ ಕೃಷ್ಣಗಿರಿ ಜಿಲ್ಲೆ ಬೇರೆಯಾಯಿತು. ಜಿಲ್ಲೆಗಳ ಹೆಸರು ಬದಲಾದರೂ ನೀರಿನ ಪಾಡು ಬದಲಾಗಲಿಲ್ಲ. ನಮ್ಮ ಎಷ್ಟೋ ಊರುಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದುಗಟ್ಟುತ್ತದೆ, ಮೂಳೆ ನೋಯುತ್ತದೆ. ಅದಕ್ಕೆಂದೇ ಹೊಗೇನಕಲ್ಲಿನಿಂದ ಕಾವೇರಿ ನೀರು ತರುವ ಯೋಜನೆ ಬಂತು. 2008ರಲ್ಲಿ ಅದರ ಸುತ್ತ ಎರಡು ರಾಜ್ಯಗಳ ನಡುವೆ ಗದ್ದಲವೆದ್ದಿತು. 2013ರಲ್ಲಿ ಯೋಜನೆ ಚಾಲನೆಗೆ ಬಂತು. ಹೊಗೇನಕಲ್ಲು ಎಂಬ ಹೆಸರೇ ಕನ್ನಡದ್ದು. ಆ ನೀರಿಗಾಗಿ ಕೊಡ ಹಿಡಿಯುವವರಲ್ಲಿ ತಮಿಳು, ತೆಲುಗು, ಕನ್ನಡ ಮಾತಾಡುವವರೆಲ್ಲ ಇದ್ದಾರೆ. ಕೊಡಕ್ಕೆ ಭಾಷೆ ಗೊತ್ತಿಲ್ಲ.

ನನಗೆ ಗೊತ್ತಿತ್ತು ಎಂಬುದೇ ನನ್ನ ನಾಚಿಕೆ. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆಯಾಗಿ ಬಸ್ಸುಗಳು ಗಡಿಯಲ್ಲೇ ನಿಂತವು. ಅತ್ತಿಬೆಲೆಯಲ್ಲಿ ಇಳಿದು, ಎಲ್ಲರಂತೆ ನಾನೂ ಚೀಲ ಹೊತ್ತು ಹೊಸೂರಿನ ಕಡೆಗೆ ನಡೆದೆ. ಬಿಸಿಲಿಗೆ ಗಂಟಲು ಒಣಗಿತ್ತು. ದಾರಿಯಲ್ಲಿ ಒಂದು ಪೆಟ್ಟಿಗೆ ಅಂಗಡಿ, ಒಳಗೆ ಒಬ್ಬ ವಯಸ್ಸಾದ ತಾಯಿ. ಅಂಗಡಿಯ ಮುಂದೆ ನಿಂತು, "ನೀರು" ಅನ್ನಲೋ, "ತಣ್ಣಿ" ಅನ್ನಲೋ ಎಂದು ಯೋಚಿಸಿದೆ. ಎರಡು ಭಾಷೆ ಬಲ್ಲವನಿಗೆ ಒಂದೂ ಬಾಯಿಗೆ ಬರಲಿಲ್ಲ. ಕೊನೆಗೆ ಹೆಬ್ಬೆರಳನ್ನು ಬಾಯಿಯ ಕಡೆಗೆ ತೋರಿಸಿದೆ. ಆ ತಾಯಿ ಚೊಂಬನ್ನು ಮುಂದೆ ಇಟ್ಟರು. ನಾನು ಯಾರು, ಎತ್ತಲಿನವನು ಎಂದು ಕೇಳಲಿಲ್ಲ. ಆ ವಾಚನವನ್ನು ಎಷ್ಟು ಸಲ ಕೇಳಿದ್ದೆನೋ! ನಡೆಸಿ ತೋರಿಸಿದವರು ಆಕೆ.

ಭಾಷೆಯ ಮಾತು ಹಾಗಿರಲಿ. ಟೀ ಅಂಗಡಿಗಳಲ್ಲಿ ಕೆಲವರಿಗೆ ಬೇರೆ ಲೋಟ ಇಡುತ್ತಿದ್ದುದನ್ನು ಕಂಡವರು ನಮ್ಮ ನಡುವೆ ಇದ್ದಾರೆ. ಬೇರೆ ಲೋಟ ಇಟ್ಟವರೂ ಇದ್ದಾರೆ. ಅವರಲ್ಲಿ ಭಾನುವಾರ ಮೊಣಕಾಲೂರಿ ಪ್ರಾರ್ಥಿಸುವವರು ಒಬ್ಬರೂ ಇಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆವೇ? ಸಮಾರಿಯದವಳ ಕೊಡದಿಂದ ಕುಡಿಯಲು ಒಪ್ಪಿದ ಸ್ವಾಮಿಯನ್ನು ಪೂಜಿಸುತ್ತ, ನೆರೆಮನೆಯ ಲೋಟವನ್ನು ಬೇರೆ ಇಡುವುದಾದರೆ, ನಾವು ವಾಚನವನ್ನು ಕೇಳಿಯೇ ಇಲ್ಲ.

ಹೊಗೇನಕಲ್ಲು ಇಳಿದ ಕಾವೇರಿ ಮೆಟ್ಟೂರಿನಲ್ಲಿ ನಿಲ್ಲುತ್ತಾಳೆ. 1934ರಲ್ಲಿ ಅಣೆಕಟ್ಟು ಮುಗಿದಾಗ ಹಲವು ಊರುಗಳು ನೀರಿನಡಿ ಹೋದವು. ಬೇಸಿಗೆಯಲ್ಲಿ ನೀರು ಬಹಳ ಇಳಿದರೆ ಪಣ್ಣವಾಡಿಯ ಬಳಿ ಎರಡು ಗುರುತು ಮೇಲೇಳುತ್ತವೆ: ಜಲಕಂಠೇಶ್ವರ ದೇವಸ್ಥಾನದ ನಂದಿ, ಹಳೆಯ ಕ್ರೈಸ್ತ ದೇವಾಲಯದ ಗೋಪುರ. ಮುಳುಗುವಾಗ ನೀರು ಎರಡಕ್ಕೂ ಭೇದ ಮಾಡಲಿಲ್ಲ. ಆ ನೀರಿನಿಂದ ಕೆಳಗಿನ ಗದ್ದೆಗಳು ಹಸಿರಾದವು. ಊರು ಬಿಟ್ಟುಕೊಟ್ಟವರಲ್ಲಿ ಎರಡು ಮತದವರೂ ಇದ್ದರು.

ಕಥೆಯ ಕೊನೆಯಲ್ಲಿ ಆ ಹೆಂಗಸು ಕೊಡವನ್ನು ಬಾವಿಯ ಹತ್ತಿರವೇ ಬಿಟ್ಟು ಊರಿನವರನ್ನು ಕರೆಯಲು ಹೋಗುತ್ತಾಳೆ. ಊರಿನವರು ಬಂದು ಸ್ವಾಮಿಯನ್ನು ಉಳಿಸಿಕೊಳ್ಳುತ್ತಾರೆ. ಹತ್ತಿರ ಸೇರಿಸಬಾರದೆಂದವರ ಊರಿನಲ್ಲಿ ಅವರು ಎರಡು ದಿನ ಇರುತ್ತಾರೆ.

ಕೇಳುಗರೇ, ಈ ವಾರ ಒಂದು ಚಿಕ್ಕ ಕೆಲಸ ಮಾಡೋಣ. ನಲ್ಲಿಯಲ್ಲಿ ನೀರು ಬಂದಾಗ, ನಾವು ಮಾತು ಬಿಟ್ಟವರ ಕೊಡವನ್ನು ಒಮ್ಮೆ ಮುಂದೆ ಇಡೋಣ. ಇಷ್ಟು ವರ್ಷ ಹೊಸ್ತಿಲು ತುಳಿಯದ ಒಂದು ಮನೆಗೆ ಹೋಗಿ, ಕುಡಿಯಲು ನೀರು ಕೇಳೋಣ. ಕೊಡುವುದು ಸುಲಭ, ಕೇಳುವುದು ಕಷ್ಟ. ಸ್ವಾಮಿ ಆ ಕಷ್ಟವನ್ನೇ ಮೊದಲು ಮಾಡಿದರು. ಯಾವ ಭಾಷೆಯಲ್ಲಿ ಕೇಳಿದರೂ ಸರಿ.