ನಮ್ಮ ಕಿವಿಯ ಪಾಠಶಾಲೆ



ನಮಗೆ ಕನ್ನಡವನ್ನು ಮೊದಲು ಕಲಿಸಿದುದು ಪುಸ್ತಕವಲ್ಲ, ತಾಳಮದ್ದಳೆ. ಮನೆಯಲ್ಲಿ ನಾವಾಡುತ್ತಿದ್ದುದು ತುಳು. ಮಳೆ ಬಿಟ್ಟ ರಾತ್ರಿಗಳಲ್ಲಿ ತಂದೆಯವರು ತೆಂಗಿನ ಗರಿಯ ಸೂಟೆ ಬೀಸುತ್ತ ಮುಂದೆ ನಡೆದರೆ, ಗದ್ದೆಯ ಹುಣಿಯ ಮೇಲೆ ನಾವು ಹಿಂಬಾಲಿಸುತ್ತಿದ್ದೆವು.

ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುವರು. ಚೆಂಡೆ ಮದ್ದಳೆಗಳು ನಿಂತೊಡನೆ ಅರ್ಥಧಾರಿಗಳು ಅದನ್ನು ಮಾತಿನಲ್ಲಿ ಬೆಳೆಸುವರು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನೂ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನೂ ನಾವು ಹೀಗೆಯೇ ಕೇಳಿದೆವು.

ಒಮ್ಮೆ ಮರಳುವ ದಾರಿಯಲ್ಲಿ ‘ನಿರುತ್ತರ’ವೆಂದರೇನೆಂದು ಕೇಳಿದೆವು. ಅಕ್ಷರವರಿಯದ ತಂದೆಯವರು ತುಳುವಿನಲ್ಲಿಯೇ, ವಾಲಿಯ ಮಾತಿಗೆ ರಾಮನು ಒಂದು ಗಳಿಗೆ ಸುಮ್ಮನಾದನಲ್ಲ, ಅದೇ ಎಂದರು. ಯಾವ ನಿಘಂಟೂ ನಮಗೆ ಅಷ್ಟು ಚೆನ್ನಾಗಿ ಹೇಳಿಲ್ಲ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಕಚೇರಿಗಳ ಭಾಷೆ ಬೇರೆಯಾಯಿತು. ಕಿವಿಯಲ್ಲಿ ನಿಂತ ಭಾಷೆ ಮಾತ್ರ ನಮ್ಮನ್ನು ಬಿಡಲಿಲ್ಲ.

ಪೋಷಕರೇ, ವರ್ಷಕ್ಕೊಂದು ರಾತ್ರಿಯಾದರೂ ಮಕ್ಕಳನ್ನು ಕೂಟಕ್ಕೆ ಕರೆದೊಯ್ಯಿರಿ. ನಿದ್ದೆ ಬಂದರೆ ಬರಲಿ. ನಾವೂ ಎಷ್ಟೋ ಪ್ರಸಂಗಗಳ ಕೊನೆಯನ್ನು ತಂದೆಯವರ ಹೆಗಲ ಮೇಲೆಯೇ ಕಳೆದವರು. ಮಕ್ಕಳೇ, ತಿಳಿಯದ ಶಬ್ದವನ್ನು ಮರಳುವ ದಾರಿಯಲ್ಲಿ ಮರೆಯದೆ ಕೇಳಿರಿ.